ಪಾತ್ರೆ ತಟ್ಟುವ ಹೊತ್ತು

ನಮ್ಮೂರಿನಲ್ಲಿ ಹುದುಗು ಅಳತೆಯಷ್ಟೇ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಬಂದು, ಬೀದಿಯಲ್ಲಿ ಯಾರ್ಯಾರು ಹಿಟ್ಟು ರುಬ್ಬಿಟ್ಟಿದ್ದಾರೋ ಅವರ ಪಾತ್ರೆಗಳಿಗೆಲ್ಲ ಇಳಿದು, ಬೆಳಗಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ಬೇರೆ ಊರುಗಳಲ್ಲಿ ಯಾರು ಎಷ್ಟು ಪಾತ್ರೆ ಇಟ್ಟರೂ ಎಲ್ಲರ ಹಿಟ್ಟೂ ಉಬ್ಬುತ್ತದಂತೆ. ಹೋಗಿ ಬಂದವರು ಹೇಳುತ್ತಾರೆ, ನಾನು ನಂಬುವುದಿಲ್ಲ. ನಮ್ಮಲ್ಲಿ ನಾಲ್ಕು ಮನೆಯವರು ಇಟ್ಟರೆ ನಾಲ್ಕು ಮನೆಗೂ ಇಡ್ಲಿ. ಊರೆಲ್ಲ ಇಟ್ಟರೆ ಊರಿಗೆಲ್ಲ ಕಲ್ಲು.

ಅದಕ್ಕೇ ತಟ್ಟುವ ರೂಢಿ ಬಂದದ್ದು. ಹಿಟ್ಟು ಇಡುವವರು ಸಂಜೆ ಹೊಸ್ತಿಲಿಗೆ ಬಂದು ಪಾತ್ರೆಯ ಕಂಠಕ್ಕೆ ಸೌಟಿನಿಂದ ತಟ್ಟುತ್ತಾರೆ. ಒಂದು ಪಾತ್ರೆಗೆ ಒಂದು ತಟ್ಟು. ಮಿಕ್ಕವರು ಒಳಗಿನಿಂದಲೇ ಕಿವಿಗೊಡುತ್ತಾರೆ. ಬೀದಿ ತಾಳುವಷ್ಟಾಯಿತು ಅನ್ನಿಸಿದರೆ ಉಳಿದವರು ತಮ್ಮ ಹಿಟ್ಟನ್ನು ಆ ಹೊತ್ತಿಗೇ ತೆಳ್ಳಗೆ ದೋಸೆ ಹುಯ್ದು ಮುಗಿಸಿ, ಬೆಳಗ್ಗೆಗೆ ರೊಟ್ಟಿ ಬಡಿಯುತ್ತಾರೆ. ಮದುವೆ ಮನೆಯವರು ತಟ್ಟಿದ ದಿನವಂತೂ ಇನ್ನೊಂದು ಸೌಟಿನ ಸದ್ದು ಕೇಳುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಕಾವಲು ಕಾಯುವವರೂ ಇಲ್ಲ. ಇನ್ನು ಕೆಲವರು ತಮ್ಮದೇ ದಾರಿ ಮಾಡಿಕೊಂಡಿದ್ದರು. ಬೇಕರಿಯ ಗಫೂರ್ ಸಾಬರು ಮಧ್ಯಾಹ್ನದ ಬಿಸಿಲಿಗೆ ಬರುವ ಚೂರುಪಾರು ಹುದುಗನ್ನು ನಂಬಿ ಬನ್ನಿನ ಹಿಟ್ಟು ಕಲಸುತ್ತಿದ್ದರು. ಹೆಂಡ ಇಳಿಸುವ ಹೊಂಬಯ್ಯನ ಮಡಕೆಗಳು ಈಚಲು ಮರದ ನೆತ್ತಿಯಲ್ಲಿ ಕೂತು, ಮೇಲೆ ಹಾದುಹೋಗುವುದನ್ನು ಅಲ್ಲೇ ಹೀರುತ್ತಿದ್ದವು. ಮೊಸರಿಗೆ ಒಲೆಯ ಪಕ್ಕದ ಬೆಚ್ಚನೆ ಮೂಲೆಗೆ ಸೋರಿ ಬರುವಷ್ಟು ಸಾಕು. ಹೀಗೆ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕದೆ ಊರು ನಡೆದುಕೊಂಡು ಬಂದಿತ್ತು. ನಾನು ದೊಡ್ಡವನಾಗುವವರೆಗೆ.

ನಾನು ಚೆಲುವಯ್ಯ. ಬೀದಿಯ ನಡುವಿನ ಇಡ್ಲಿ ಹೋಟೆಲು ನಮ್ಮದು. ಕಟ್ಟಿದವನು ಅಪ್ಪ, ತಿರುಮಲಯ್ಯ. ಸಂಜೆಯ ಮೊದಲ ತಟ್ಟು ನಮ್ಮ ಹೋಟೆಲಿನದು ಅನ್ನುವ ಮರ್ಯಾದೆ ಅಪ್ಪ ಸಂಪಾದಿಸಿದ್ದು. ಸೌಟು ನನ್ನ ಕೈಗೆ ಬಂದ ಮೇಲೆ ಅದನ್ನು ನಾನೇ ಸಂಪಾದಿಸಿದವನ ಹಾಗೆ ಓಡಾಡತೊಡಗಿದೆ. ಮೂರು ಪಾತ್ರೆ ಇಡುತ್ತಿದ್ದೆ, ಮೂರು ಸಲ ತಟ್ಟುತ್ತಿದ್ದೆ, ಬೀದಿಯ ಎರಡೂ ತುದಿಗೆ ಕೇಳಿತೇ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಬೆಳಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಅಂಚಿನವರೆಗೆ ಬಂದಿರುತ್ತಿತ್ತು. ಅದು ನನ್ನ ಕೈಗುಣ ಅಂದುಕೊಂಡಿದ್ದೆ. ಎದುರಿಗೆ ಯಾರೂ ಇಲ್ಲದ್ದರಿಂದ ಅಂತ ಗೊತ್ತಾಗಲು ಎದುರಿಗೆ ಒಬ್ಬರು ಬರಬೇಕಾಯಿತು.

ಬಂದವಳು ಮಾದೇವಕ್ಕ. ಗಂಡನನ್ನು ಕಳೆದುಕೊಂಡವಳು, ಎಲ್ಲೋ ಒಣನೆಲದ ಬೋರೆಯ ಕಡೆಯವಳು. ಎದುರಿಗೆ ಖಾಲಿ ಬಿದ್ದಿದ್ದ ದರ್ಜಿ ಅಂಗಡಿಯನ್ನು ಬಾಡಿಗೆಗೆ ಹಿಡಿದು, ಎರಡು ಬೆಂಚು ಹಾಕಿ, ಇಡ್ಲಿ ಹೋಟೆಲು ತೆರೆದಳು. ವಡೆಯಲ್ಲ, ಬೋಂಡವಲ್ಲ, ಇಡ್ಲಿಯೇ. ಮೊದಲ ಸಂಜೆ ನಾನು ತಟ್ಟುವವರೆಗೆ ಸೆರಗು ಹೊದ್ದು ಕಾದಿದ್ದು, ಆಮೇಲೆ ತನ್ನ ಹಿತ್ತಾಳೆ ಪಾತ್ರೆಗೆ ಒಂದೇ ಒಂದು ಸಲ, ಮಗುವಿನ ಬೆನ್ನು ಸವರಿದಷ್ಟು ಮೆಲ್ಲಗೆ ತಟ್ಟಿ ಒಳಗೆ ಹೋದಳು. ನನಗೆ ನಗು ಬಂತು. "ಒಂದು ಪಾತ್ರೆಯಂತೆ!" ಎಂದು ಹೆಂಡತಿ ಅಲಮೇಲುವಿಗೆ ಹೇಳಿ ಹೇಳಿ ನಕ್ಕೆ. ಅವಳು ನಗಲಿಲ್ಲ.

ಮರುದಿನ ನನ್ನ ಮೂರೂ ಪಾತ್ರೆಯ ಹಿಟ್ಟು ಮುಕ್ಕಾಲಿಗೆ ಬಂದು ನಿಂತಿತ್ತು. ಇಡ್ಲಿ ಇಡ್ಲಿಯ ಆಕಾರದಲ್ಲೇನೋ ಇದ್ದವು, ಅಷ್ಟೇ. ಎದುರಿಗೆ ಮಾದೇವಕ್ಕನ ಒಂದು ಪಾತ್ರೆ ಹಿಟ್ಟು ಮುಚ್ಚಳ ಎತ್ತಿಕೊಂಡು ಮೇಲೆ ಬಂದಿತ್ತಂತೆ. ಇದನ್ನು ಹೇಳಿದವರು ಅವಳ ಬೆಂಚಿನಲ್ಲಿ ತಿಂದು ಬಾಯಿ ಒರೆಸಿಕೊಳ್ಳುತ್ತ ನನ್ನಲ್ಲಿಗೆ ಕಾಫಿಗೆ ಬಂದಿದ್ದ ಗಫೂರ್ ಸಾಬರು. ಅವಳ ಊರಿನಲ್ಲಿ ಹುದುಗು ನಮ್ಮೂರಿಗಿಂತ ಅಪರೂಪವಂತೆ. ಅಲ್ಲಿ ಬೆಳೆದವಳ ಕೈಯ ಹಿಟ್ಟು ಸ್ವಲ್ಪದರಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನನ್ನ ಹಿಟ್ಟೋ, ಒಬ್ಬನೇ ಮಗನ ಹಾಗೆ ಬೇಕಾದಷ್ಟು ಉಂಡು ಬೆಳೆದದ್ದು. ಒಂದು ತುತ್ತು ಕಡಿಮೆಯಾದರೆ ಮುಖ ಊದಿಸಿಕೊಳ್ಳುತ್ತಿತ್ತು. ಈ ಮಾತು ನನಗೆ ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಒಂದೇ: ಇನ್ನೊಂದು ಪಾತ್ರೆ ಇಡಬೇಕು.

ಇಟ್ಟೆ. ಅವಳು ಒಂದು ತಟ್ಟಿದರೆ ನಾನು ನಾಲ್ಕು ತಟ್ಟಿದೆ. ಹೊಟ್ಟೆಯ ಉರಿಗೆ ನಾಲ್ಕೂ ಜೋರಾಗಿಯೇ ಬಿದ್ದವು. ಮರುದಿನ ಇಡ್ಲಿ ಇನ್ನೂ ಗಟ್ಟಿ. ಹುದುಗು ಸಾಲಲಿಲ್ಲ, ಅವಳು ಕದಿಯುತ್ತಿದ್ದಾಳೆ, ಹಾಗಾದರೆ ಐದು ಇಡೋಣ ಅಂದುಕೊಂಡೆ. ಪಾತ್ರೆ ಹೆಚ್ಚಿದಂತೆ ಬೀದಿಯ ಮನೆಗಳು ಒಂದೊಂದಾಗಿ ಸುಮ್ಮನಾದವು. ನನ್ನ ಸೌಟಿನ ಸದ್ದು ಕೇಳಿ ಬೀದಿಯೆಲ್ಲ ರೊಟ್ಟಿ ತಿಂದಿತು. ಮೂಲೆಮನೆಯ ಅಜ್ಜಿ ಬಂದು, "ಚೆಲುವಯ್ಯ, ಹೆಪ್ಪಾಕಿ ಮೂರ್ ದಿನ ಆಯ್ತು, ನಮ್ಮನೆ ಮೊಸ್ರು ಇನ್ನೂ ಹಾಲಾಗೇ ಐತಲ್ಲಪ್ಪ" ಅಂದಳು. ಹಸುವಿಗೆ ಏನು ಮೇವು ಹಾಕುತ್ತೀರಿ ಎಂದು ಕೇಳಿ ಕಳಿಸಿದೆ.

ಆದರೆ ಸೋಲುತ್ತಿದ್ದೇನೆ ಅನ್ನುವ ಅನುಮಾನವೇ ನನಗೆ ಬರಲಿಲ್ಲ. ಅದಕ್ಕೆ ಕಾರಣ ಅಪ್ಪ. ಅಪ್ಪನಿಗೆ ಕಣ್ಣು ಮಂಜು, ಹಲ್ಲು ಒಂದೂ ಇಲ್ಲ. ಗಂಜಿ ಕೊಟ್ಟರೆ "ನಾನೇನು ಕಾಯಿಲೆ ಬಿದ್ದಿದ್ದೀನಾ?" ಎಂದು ಲೋಟ ತಳ್ಳುತ್ತಾನೆ. ಬೆಳಗ್ಗೆ ಹಾಲಿನಲ್ಲಿ ಅದ್ದಿದ ಎರಡು ಮೆತ್ತನೆ ಇಡ್ಲಿ, ಸಂಜೆ ಒಂದು ಲೋಟ ಹಾಲು, ಅಷ್ಟರಲ್ಲೇ ಅವನ ಜೀವ ನಡೆಯುವುದು. ಮಾದೇವಕ್ಕ ಬಂದ ಹೊಸತರಲ್ಲಿ ನನ್ನ ಇಡ್ಲಿ ಗಟ್ಟಿಯಾದಾಗ ಅಪ್ಪ ತಟ್ಟೆ ಸರಿಸಿ ಕೂತುಬಿಟ್ಟಿದ್ದ. ಎರಡು ದಿನಕ್ಕೇ ಕೆನ್ನೆ ಒಳಗೆ ಹೋಯಿತು. ನನಗೆ ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಒಂದು ಬೆಳಗ್ಗೆ ನೋಡಿದರೆ ಅಪ್ಪ ಎರಡೂ ಇಡ್ಲಿ ಮುಗಿಸಿ ಬೆರಳು ನೆಕ್ಕುತ್ತಿದ್ದ.

"ಕೈ ಕುದುರ್ತು ಕಣೋ ಚೆಲುವ. ನನ್ ಕಾಲದಲ್ಲೂ ಹಿಂಗ್ ಬಂದಿರಲಿಲ್ಲ."

ಅದೇ ಬೆಳಗ್ಗೆ ಗಿರಾಕಿಯೊಬ್ಬ ನನ್ನ ಇಡ್ಲಿಯನ್ನು ಚಟ್ನಿಯಲ್ಲಿ ನೆನೆಹಾಕಿ ಕಾಯುತ್ತ ಕೂತಿದ್ದ. ನಾನು ಆ ಕಡೆ ನೋಡಲಿಲ್ಲ. ಇಡ್ಲಿಯ ವಿಷಯದಲ್ಲಿ ಅಪ್ಪನ ನಾಲಿಗೆಗಿಂತ ದೊಡ್ಡ ಕೋರ್ಟು ನಮ್ಮೂರಲ್ಲಿ ಇಲ್ಲ. ಅಪ್ಪ ದಿನವೂ ಹೊಗಳಿದ, ನಾನು ದಿನವೂ ಒಂದು ಪಾತ್ರೆ ಹೆಚ್ಚಿಸಿದೆ. ಸಂಜೆ ಒಳಗಿನ ಬೆಂಚಿನಿಂದ, "ಎಷ್ಟಾಯ್ತೋ?" ಎಂದು ಕೇಳುತ್ತಿದ್ದ. ನಾನು ಮೀಸೆ ತಿರುವಿಕೊಂಡು ಲೆಕ್ಕ ಹೇಳುತ್ತಿದ್ದೆ. ಅಪ್ಪ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಬೆಳಗ್ಗೆ ಇನ್ನೂ ಸ್ವಲ್ಪ ಜಾಸ್ತಿ ಹೊಗಳುತ್ತಿದ್ದ.

ಕೊನೆಗೊಂದು ದಿನ, ಇದು ಇವತ್ತೇ ಮುಗಿದುಹೋಗಲಿ ಎಂದು ತೀರ್ಮಾನಿಸಿದೆ. ಮನೆಯಲ್ಲಿದ್ದ ಪಾತ್ರೆ, ಕೊಳಗ, ಮದುವೆಗೆ ಬಾಡಿಗೆ ಕೊಡುವವರ ಹತ್ತಿರ ತಂದ ಕೊಪ್ಪರಿಗೆ, ಕೊನೆಗೆ ಬಚ್ಚಲ ಹಂಡೆಯನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತಂದಿಟ್ಟೆ. ಇಡೀ ದಿನ ರುಬ್ಬಿ ರುಬ್ಬಿ ನನ್ನ ತೋಳು, ಅಲಮೇಲುವಿನ ತೋಳು ಎರಡೂ ಬಿದ್ದುಹೋದವು.

"ರೀ, ಇಷ್ಟೊಂದ್ ಇಟ್ರೆ ಎದುರುಗಡೆಯವ್ರು ಇಡಲ್ಲ" ಅಂದಳು ಅವಳು.

"ಇಡಬಾರದು ಅಂತಲೇ ಇಡ್ತಿರೋದು."

"ಅವ್ರು ಇಡದೇ ಇದ್ರೆ..." ಎಂದು ಶುರುಮಾಡಿ, ಅಪ್ಪ ಕೂತ ಕಡೆ ನೋಡಿ, ನುಂಗಿಕೊಂಡಳು. ನನಗೆ ಪೂರ್ತಿ ಕೇಳುವ ವ್ಯವಧಾನವೆಲ್ಲಿತ್ತು?

ಆ ಸಂಜೆ ತಟ್ಟಿದೆ ನೋಡಿ. ಬೀದಿಯ ಜನ ಎಣಿಸಲು ಹಿಡಿದವರು ಅರ್ಧಕ್ಕೆ ಕೈಬಿಟ್ಟರು. ಗಫೂರ್ ಸಾಬರು ಬೇಕರಿಯಿಂದ ಹೊರಗೆ ಬಂದು, ಎಲ್ಲೋ ಮೆರವಣಿಗೆ ಬರುತ್ತಿದೆ ಅಂದುಕೊಂಡು ಬಲಕ್ಕೂ ಎಡಕ್ಕೂ ನೋಡಿದರು. ಎದುರಿಗೆ ಮಾದೇವಕ್ಕ ತನ್ನ ಒಂದು ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ನಾನು ನಿಲ್ಲಿಸುವವರೆಗೂ ಕಾದಳು. ಸೌಟು ಎತ್ತಿದಳು. ಏನೋ ಯೋಚಿಸಿ ಅದನ್ನು ಪಾತ್ರೆಯೊಳಗೆ ಇಳಿಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಮನೆಯಿಂದ ದೋಸೆ ಹುಯ್ಯುವ ಸದ್ದು ಬಂತು. ಬೀದಿಯ ಎಲ್ಲ ಮನೆಗಳಿಂದಲೂ ಅದೇ ಸದ್ದು ಬಂತು. ಗೆದ್ದೆ ಎಂದು ಒಳಗೆ ಬಂದೆ.

"ಎಷ್ಟಾಯ್ತೋ?" ಅಂದ ಅಪ್ಪ.

"ಲೆಕ್ಕ ಇಲ್ಲ ಕಣಪ್ಪ. ಇವತ್ತು ಊರಿನ ಹುದುಗೆಲ್ಲ ನಮ್ದೇ!"

"ಹಂಗಾದ್ರೆ ನಾಳೆ ತಿಂಡಿ ಇಲ್ಲ ಅನ್ನು" ಎಂದು ಅಪ್ಪ ಗೋಡೆ ಕಡೆ ತಿರುಗಿ ಮಲಗಿದ. ವಯಸ್ಸಾದವರು, ಏನೋ ಹೇಳುತ್ತಾರೆ ಎಂದು ನಾನೂ ಮಲಗಿದೆ.

ಬೆಳಗ್ಗೆ ಮೊದಲ ಪಾತ್ರೆಯ ಮುಚ್ಚಳ ತೆಗೆದೆ. ಹಿಟ್ಟು ಇಟ್ಟಲ್ಲೇ ಇತ್ತು. ಎರಡನೆಯದು, ಇಟ್ಟಲ್ಲೇ. ಕೊಪ್ಪರಿಗೆಯಲ್ಲಿ ಒಂದು ಗುಳ್ಳೆ ಎದ್ದು ನನ್ನನ್ನು ನೋಡಿ ಒಡೆದುಹೋಯಿತು. ಹಂಡೆಯ ಹಿಟ್ಟಂತೂ ಸ್ನಾನಕ್ಕೆ ಕಾದುಕೊಂಡಿರುವ ಹಾಗೆ ಸುಮ್ಮನೆ ನಿಂತಿತ್ತು. ಊರಿನ ಹುದುಗೆಲ್ಲ ನನ್ನ ಮನೆಗೆ ಬಂದದ್ದು ನಿಜ. ಬಂದು, ನನ್ನ ಪಾತ್ರೆ ಪಾತ್ರೆಗೂ ಚಿಟಿಕೆ ಚಿಟಿಕೆ ಹಂಚಿಹೋಗಿತ್ತು. ಎದುರಿನವಳನ್ನು ಓಡಿಸಿ, ಬೀದಿಯವರನ್ನು ಸುಮ್ಮನಾಗಿಸಿ, ಕೊನೆಗೆ ನನ್ನ ಹಿಟ್ಟಿನ ಬಾಯಿಂದ ನನ್ನದೇ ಹಿಟ್ಟು ತುತ್ತು ಕಿತ್ತುಕೊಳ್ಳುವ ಹಾಗೆ ಮಾಡಿದ್ದೆ. ಇಷ್ಟು ದೊಡ್ಡ ಪೆದ್ದುತನಕ್ಕೆ ಇಷ್ಟೊಂದು ಪಾತ್ರೆ ಬೇಕಾದವು ನೋಡಿ.

ಆದರೂ ಬೇಯಿಸಿದೆ. ಇಳಿಜಾರಿನಲ್ಲಿ ಗಾಡಿಯ ಚಕ್ರಕ್ಕೆ ಒತ್ತು ಕೊಡಬಹುದಾದಂಥ ಇಡ್ಲಿ. ಅಪ್ಪ ಎದ್ದು, ಮುಖ ತೊಳೆದು, ಹಾಲಿನ ತಟ್ಟೆ ಮುಂದಿಟ್ಟುಕೊಂಡು ಕೂತ. ನಾನು ಅಡುಗೆಮನೆಗೆ ಬಂದಾಗ ಅಲಮೇಲು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಕೈಯಲ್ಲಿ ಮುಚ್ಚಿದ ತಟ್ಟೆ. ಮುಚ್ಚಳ ತೆಗೆದರೆ ಖಾಲಿ.

"ಅಲ್ಲೂ ಇಲ್ಲ" ಅಂದಳು.

"ಎಲ್ಲಿ?"

"ಮಾದೇವಕ್ಕನ ಮನೇಲಿ. ನೀವು ತಟ್ಟಿದ್ದು ಕೇಳಿ ಅವ್ರು ನೆನ್ನೆ ಇಟ್ಟೇ ಇಲ್ಲ. ಇಟ್ಟಿದ್ರೆ ದಿನಾ ಕೊಡೋ ಹಂಗೆ ಇವತ್ತೂ ಕೊಡೋರು."

ದಿನಾ ಕೊಡೋ ಹಂಗೆ. ಈ ಮಾತು ನನ್ನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಅಪ್ಪ ಉಪವಾಸ ಕೂತ ಎರಡನೆಯ ದಿನ ಅಲಮೇಲು ಹೋಗಿ ಕೇಳಿದ್ದಳಂತೆ. ಅವತ್ತಿನಿಂದ ಮಾದೇವಕ್ಕ ಮೊದಲ ಹಬೆಯ ಎರಡು ಇಡ್ಲಿ ಎತ್ತಿಟ್ಟು ಹಿತ್ತಲಿನಿಂದ ಕೊಡುತ್ತಿದ್ದಳಂತೆ. ಅಂದರೆ ಅಪ್ಪ ಬೆರಳು ನೆಕ್ಕಿದ್ದು ಅವಳ ಇಡ್ಲಿಗೆ, ನಾನು ಮೀಸೆ ತಿರುವಿದ್ದು ಅವಳ ಇಡ್ಲಿಗೆ, ಅವಳನ್ನು ಓಡಿಸಲು ಹಂಡೆ ತಿಕ್ಕಿದ್ದೂ ಅವಳ ಇಡ್ಲಿಯ ಹೊಗಳಿಕೆ ಕೇಳಿಯೇ. ನೆಲ ಬಾಯಿ ತೆರೆದರೆ ಒಳಗೆ ಹೋಗೋಣ ಅನ್ನಿಸಿತು.

ಅಪ್ಪ ನನ್ನ ಇಡ್ಲಿಯ ಒಂದು ಚೂರನ್ನು ಒಸಡಿನಲ್ಲಿ ಆಚೆ ಈಚೆ ಹೊರಳಿಸಿ, ಮೆಲ್ಲಗೆ ತೆಗೆದು ತಟ್ಟೆಯ ಅಂಚಿಗಿಟ್ಟ. "ಹಸಿವಿಲ್ಲ ಕಣಪ್ಪ ಇವತ್ತು" ಅಂದ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಹೊಗೆ ಅಂದೆ.

ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಹೋಗಿ ನೋಡಿದರೆ ಮಾದೇವಕ್ಕ ಗೋಣಿಚೀಲಕ್ಕೆ ಇಡ್ಲಿ ತಟ್ಟೆಗಳನ್ನು ತುಂಬಿ ಬಾಯಿ ಹೊಲಿಯುತ್ತಿದ್ದಾಳೆ. ಬೆಂಚು ಆಗಲೇ ಗಾಡಿ ಹತ್ತಿವೆ. ನಿನ್ನೆಯವರೆಗೆ ಇದನ್ನು ನೋಡಲು ಕೊಪ್ಪರಿಗೆ ಬಾಡಿಗೆಗೆ ತಂದವನು ನಾನು. ಇವತ್ತು ಚಪ್ಪಲಿ ಮೆಟ್ಟಲೂ ಮರೆತು ಬೀದಿ ದಾಟಿದೆ.

"ಮಾದೇವಕ್ಕ, ಹೋಗಬೇಡಿ."

ಅವಳು ಸೂಜಿ ನಿಲ್ಲಿಸದೆ, "ನೀವು ಅಷ್ಟು ತಟ್ಟಿದ್ಮೇಲೆ ನಾನಿದ್ದು ಏನ್ ಮಾಡ್ಲಿ, ಚೆಲುವಯ್ನೋರೇ? ಒಂದಿನ ಆದ್ರೆ ಸರಿ, ಎರಡಿನ ಆದ್ರೆ ಸರಿ. ದಿನಾ ರಾತ್ರಿ ದೋಸೆ ಹುಯ್ಕೊಂಡು ನಾನೊಬ್ಬಳೇ ಎಷ್ಟ್ ತಿನ್ಲಿ?" ಅಂದಳು.

"ತಪ್ಪಾಯ್ತು. ನಾನು ಮೂರೇ ಪಾತ್ರೆ ಇಡ್ತೀನಿ. ಮೊದ್ಲಿನ ಹಂಗೆ."

"ಮೂರಿಟ್ರೂ ಅಷ್ಟೇ. ನಿಮ್ದೂ ಅದೇ ಹಿಟ್ಟು, ನಂದೂ ಅದೇ ಹಿಟ್ಟು, ಹೊತ್ತೂ ಒಂದೇ. ಇಬ್ಬರೂ ಇಟ್ರೆ ಇಬ್ಬರೂ ಬೀದಿಗ್ ಬರ್ತೀವಿ. ನಿಮ್ಮದು ಹಳೇ ಹೋಟ್ಲು, ನಾನು ಬಂದೋಳು. ನಾನೇ ಹೋಗೋದು ನ್ಯಾಯ." ದಾರ ಹಲ್ಲಿನಲ್ಲಿ ಕಡಿದು, ದನಿ ತಗ್ಗಿಸಿ ಕೇಳಿದಳು: "ಅಪ್ಪಯ್ಯ ಏನಾದ್ರೂ ತಿಂದ್ರಾ?"

ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನನ್ನ ಮರ್ಯಾದೆಯನ್ನು ಮಡಚಿ ಇಡಲು ಒಂದು ಮೂಲೆಯೂ ಇರಲಿಲ್ಲ. "ತಿನ್ನಲಿಲ್ಲ" ಅಂದೆ. "ನೀವು ಹೋದ್ರೆ ನಾಳೇನೂ ತಿನ್ನಲ್ಲ. ನಾನೇ ಇಡ್ಲಿ ಬಿಡ್ತೀನಿ ಮಾದೇವಕ್ಕ. ನೀವಿಡಿ."

"ಇಡ್ಲಿ ಬಿಟ್ಟು ನೀವೇನ್ ಮಾಡ್ತೀರಿ?"

ಅದನ್ನು ನಾನು ಯೋಚಿಸಿರಲಿಲ್ಲ. ಇಡ್ಲಿ ಪಾತ್ರೆಯಲ್ಲಿ ಇಡ್ಲಿಯಲ್ಲದೆ ಇನ್ನೇನು ಬೇಯುತ್ತದೆ ಎಂದು ಹಿಂದೆ ತಿರುಗಿ ಅಲಮೇಲುವಿನ ಮುಖ ನೋಡಿದೆ. "ನುಚ್ಚಿನುಂಡೆ" ಅಂದಳು ಅವಳು, ಯಾವತ್ತಿನಿಂದಲೋ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವಳ ಹಾಗೆ. "ತೊಗರಿಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿ, ಹಬೇಲಿ ಇಟ್ರಾಯ್ತು. ಹುದುಗೂ ಬೇಡ, ತಟ್ಟೋದೂ ಬೇಡ."

ಮಾದೇವಕ್ಕ ಚೀಲದ ಹೊಲಿಗೆ ಬಿಚ್ಚಿದಳು. ಆಗತಾನೆ ಹೊಲಿದದ್ದು, ಒಂದು ಎಳೆ ಎಳೆದರೆ ಬಂತು. ನನ್ನ ಹಂಡೆ, ಕೊಪ್ಪರಿಗೆಯಲ್ಲಿ ಉಳಿದ ಹಿಟ್ಟನ್ನೆಲ್ಲ ಅವತ್ತು ದೋಸೆಗೆಂದು ಬೀದಿಯವರಿಗೇ ಹಂಚಿದೆ. ಮೂಲೆಮನೆಯ ಅಜ್ಜಿ ತನ್ನ ಪಾಲು ತೆಗೆದುಕೊಳ್ಳುವ ಮುಂಚೆ, ಇದು ಬಚ್ಚಲ ಹಂಡೆಯದಲ್ಲ ತಾನೆ ಎಂದು ಎರಡು ಸಲ ಕೇಳಿದಳು. ಅಪ್ಪ ಆ ದಿನ ಹಾಲಿನಲ್ಲೇ ಕಳೆದ. ಸಂಜೆ ಮಾದೇವಕ್ಕ ತಟ್ಟಿದಳು, ಬೆಳಗ್ಗೆ ಎರಡು ಇಡ್ಲಿ ಬಂತು, ಹಿತ್ತಲಿನಿಂದಲ್ಲ, ಮುಂಬಾಗಿಲಿನಿಂದ.

ನನ್ನ ನುಚ್ಚಿನುಂಡೆಯ ಮೊದಲ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಹಬೆಯಲ್ಲಿಟ್ಟದ್ದು ಉಂಡೆ, ತೆಗೆದಾಗ ಉಪ್ಪಿಟ್ಟು. ಗಫೂರ್ ಸಾಬರು ಒಂದು ತುತ್ತು ಬಾಯಿಗಿಟ್ಟು, "ಚೆಲುವಣ್ಣ, ಇದನ್ನ ಏನಂತಾರೆ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಆಮೇಲಾಮೇಲೆ ಉಂಡೆ ಉಂಡೆಯಾಗಿಯೇ ನಿಂತವು. ಬೆಳಗಿನ ಹಸಿವಿಗೆ ಜನ ಎದುರಿಗೆ ಹೋಗುತ್ತಾರೆ, ಬಿಸಿಲೇರಿದ ಮೇಲೆ ಮತ್ತೆ ಹಸಿದಾಗ ನನ್ನ ಕಡೆ ಬರುತ್ತಾರೆ. ಬೀದಿಯ ಮನೆಗಳಲ್ಲಿ ಮತ್ತೆ ಸೌಟಿನ ಸದ್ದು ಕೇಳುತ್ತದೆ. ಅಜ್ಜಿಯ ಹಾಲು ಮೊಸರಾಗಿದೆ. ನನ್ನನ್ನು ಈಗ ನುಚ್ಚಿನ ಚೆಲುವಯ್ಯ ಅನ್ನುತ್ತಾರೆ, ನಾನು ತಿರುಗಿ ನೋಡುತ್ತೇನೆ.

ಉಳಿದದ್ದು ಅಪ್ಪನ ವಿಷಯ. ಇಡ್ಲಿ ಬೇರೆಯವರದ್ದು ಎಂದು ಅವನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ತಾನು ಕಟ್ಟಿದ ಹೋಟೆಲಿನಲ್ಲಿ ಇಡ್ಲಿಯೇ ನಿಂತುಹೋಯಿತು ಎಂದು ಗೊತ್ತಾದರೆ ಆ ಜೀವ ಎಷ್ಟು ನೊಂದುಕೊಂಡೀತು ಎಂದು ಸುಮ್ಮನಿದ್ದೆವು. ಅವನು ಹೊಗಳುತ್ತಿದ್ದ, ನಾನು ತಲೆ ತಗ್ಗಿಸಿ "ಹೂಂ ಅಪ್ಪ" ಅನ್ನುತ್ತಿದ್ದೆ. ಮೊನ್ನೆ ಒಂದು ಬೆಳಗ್ಗೆ ಅಪ್ಪ ಒಂದು ಚೂರು ಬಾಯಿಗಿಟ್ಟು, ಸ್ವಲ್ಪ ಚಪ್ಪರಿಸಿ ಹೇಳಿದ:

"ಇವತ್ತು ಉಪ್ಪು ಒಂದ್ ಹರಳು ಜಾಸ್ತಿ ಆಗೈತೆ. ಎದುರು ಮನೆ ಹೆಣ್ಮಗಳಿಗೆ ಹೇಳು."

ನನ್ನ ಕೈಯ ಲೋಟ ಅಲ್ಲೇ ನಿಂತಿತು. "ಯಾವತ್ತಿಂದ ಗೊತ್ತಪ್ಪ ನಿಂಗೆ?"

"ಮೊದಲ್ನೇ ದಿನದಿಂದ. ಹೋಗಿದ್ದು ಕಣ್ಣು ಕಣೋ, ನಾಲಿಗೆ ಅಲ್ಲ. ನಿನ್ ಕೈ ನಂಗ್ ಗೊತ್ತಾಗಲ್ವಾ?"

"ಮತ್ತೆ ನನ್ನನ್ನ ಯಾಕೆ ಅಷ್ಟು ಹೊಗಳಿದೆ?"

ಅಪ್ಪ ಇಡ್ಲಿಯನ್ನು ಹಾಲಿನಲ್ಲಿ ಇನ್ನೊಮ್ಮೆ ಅದ್ದಿದ. "ಹೊಗಳಿದ್ರೆ ಹೊಟ್ಟೆ ತುಂಬುತ್ತೆ, ಇನ್ನೊಂದ್ ಪಾತ್ರೆ ಇಡ್ದೆ ಸುಮ್ನಾಗ್ತಾನೆ ಅಂದ್ಕೊಂಡೆ. ದಿನಾ ಇನ್ನೊಂದ್ ಚೂರು ಜಾಸ್ತಿ ಹೊಗಳಿದೆ. ನೀನು ದಿನಾ ಇನ್ನೊಂದ್ ಪಾತ್ರೆ ಇಟ್ಟೆ." ಅಗಿಯಲು ಏನೂ ಇಲ್ಲದಿದ್ದರೂ ಸ್ವಲ್ಪ ಹೊತ್ತು ಅಗಿದ. "ನನ್ ಮಗ ಇಷ್ಟು ದಡ್ಡ ಅಂತ ನಂಗೂ ಅಂದಾಜಿರಲಿಲ್ಲ ಬಿಡು."

ಅಡುಗೆಮನೆಯಲ್ಲಿ ಅಲಮೇಲು ಪಾತ್ರೆಯನ್ನು ಬೇಕಂತಲೇ ಸದ್ದು ಮಾಡಿ ತೊಳೆಯುತ್ತಿದ್ದಳು. ನಗು ಮುಚ್ಚಿಕೊಳ್ಳಲು ಅವಳಿಗೆ ಬೇರೆ ಉಪಾಯ ಗೊತ್ತಿಲ್ಲ. ನಾನೂ ನಕ್ಕೆ. ನಗದೆ ಏನು ಮಾಡಲಿ?

ಮಾದೇವಕ್ಕ ಇವತ್ತಿಗೂ ನನಗಿಂತ ಮೊದಲು ತಟ್ಟುವುದಿಲ್ಲ. ಮೊದಲ ತಟ್ಟು ತಿರುಮಲಯ್ಯನವರ ಹೋಟೆಲಿನದು ಎಂದು ಸೊಂಟದ ಮೇಲೆ ಪಾತ್ರೆ ಇಟ್ಟುಕೊಂಡು ಕಾಯುತ್ತಾಳೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಹೀಗಾಗಿ ದೀಪ ಹಚ್ಚುವ ಹೊತ್ತಿಗೆ ನಾನು ಹೊಸ್ತಿಲಿಗೆ ಬಂದು, ಬೀದಿಯೆಲ್ಲ ನೋಡುವ ಹಾಗೆ ಎರಡೂ ಬರಿಗೈ ಎತ್ತಿ ತೋರಿಸುತ್ತೇನೆ. ಆಮೇಲೆ ಅವಳು ತಟ್ಟುತ್ತಾಳೆ. ಒಳಗಿನ ಬೆಂಚಿನಿಂದ ಅಪ್ಪ ಕೇಳುತ್ತಾನೆ:

"ಎಷ್ಟಾಯ್ತೋ?"

"ನಮ್ದು ಇಲ್ಲಪ್ಪ. ಅವ್ರದು ಒಂದು."

"ಹಂಗಾದ್ರೆ ನಾಳೆ ತಿಂಡಿ ಐತೆ ಅನ್ನು."